ಯಾರೂ ಕಾಲೆತ್ತಬೇಡಿ

"ಯಾರೂ ಕಾಲೆತ್ತಬೇಡಿ! ನಿಂತಲ್ಲೇ ನಿಂತ್ಕೊಳ್ಳಿ!"

ಮೇಷ್ಟ್ರ ಕೂಗಿಗೆ ಹತ್ತೊಂಬತ್ತು ಮಕ್ಕಳೂ ಎಲ್ಲಿದ್ದರೋ ಅಲ್ಲೇ ಕಂಬವಾದರು. ಒಬ್ಬನ ಬಲಗಾಲು ಗಾಳಿಯಲ್ಲೇ ಉಳಿಯಿತು. ಪಕ್ಕದವಳ ಭುಜ ಹಿಡಿದುಕೊಂಡು ಅವನು ಹಾಗೇ ಓಲಾಡಿದ.

ಒಂದು ನಿಮಿಷದ ಹಿಂದೆ ಎಲ್ಲರೂ ನಗುತ್ತಿದ್ದರು. ಮೆಟ್ಟುಗಾಲು ಹಕ್ಕಿಯೊಂದು ತನ್ನ ಉದ್ದನೆಯ ಗುಲಾಬಿ ಕಾಲು ಮಡಿಚಿ, ರೆಕ್ಕೆ ಮುರಿದಂತೆ ನೆಲದ ಮೇಲೆ ಹೊರಳಾಡಿತ್ತು. "ಅಯ್ಯೋ ಪಾಪ, ಹಿಡಿಯೋಣ ಸಾರ್" ಎಂದು ಮಕ್ಕಳು ಕೆರೆಯಂಚಿನ ಕಾಲುದಾರಿ ಬಿಟ್ಟು ಓಡಿದರು, ಅವರ ಹಿಂದೆ ಮೇಷ್ಟ್ರೂ ಓಡಿದರು. ಅಷ್ಟರಲ್ಲಿ ಇನ್ನೊಂದು ಹಕ್ಕಿ ಹಾಗೇ ಹೊರಳಿತು, ಆಮೇಲೆ ಮತ್ತೊಂದು. ಮೂರು ಹಕ್ಕಿಗಳ ರೆಕ್ಕೆ ಒಟ್ಟಿಗೆ ಮುರಿಯುವುದುಂಟೆ? ಇದು ಗೂಡಿನಿಂದ ದೂರ ಸೆಳೆಯುವ ನಾಟಕ ಎಂದು ಹೊಳೆದದ್ದೇ ತಡ, ಮೇಷ್ಟ್ರು ಕೂಗಿದ್ದರು.

ನೀರುಹಕ್ಕಿಗಳ ಗೂಡು ಜೊಂಡಿನೊಳಗೆ ಇರುತ್ತದೆ ಎಂದು ವಾರವಿಡೀ ಪಾಠ ಮಾಡಿದವರು ಅವರೇ. ಬೋರ್ಡಿನ ಮೇಲೆ ಹಸಿರು ಚಾಕ್‌ಪೀಸಿನಲ್ಲಿ ಜೊಂಡು ಬರೆದು, ನಡುವೆ ನೀರುಕೋಳಿಯನ್ನು ಸೊಗಸಾಗಿ ಕೂರಿಸಿದ್ದರು. ನೀರು ಇಳಿದಾಗ ಬಯಲಾಗುವ ಈ ಒಣಗಿದ ಕೆಸರಿನ ಪಟ್ಟಿಯ ಮೇಲೂ ಮೊಟ್ಟೆಯಿಡುವ ಹಕ್ಕಿಗಳ ಬಗ್ಗೆ ಮಾತ್ರ ತುಟಿಪಿಟಕ್ ಎಂದಿರಲಿಲ್ಲ. ಗೊತ್ತಿದ್ದರೆ ತಾನೆ ಹೇಳುವುದು!

ಕೆರೆ ಕಾಯುವಾಕೆ ಬೆಳಿಗ್ಗೆಯೇ ಎಚ್ಚರಿಸಿದ್ದಳು. "ಮೊಟ್ಟೆ ಇಡೋ ತಿಂಗಳು ಮೇಷ್ಟ್ರೇ. ನಾಲ್ಕು ಸಲ ಬಂದು ಗೋಗರೆದ್ರಿ ಅಂತ ಬಿಡ್ತಿದ್ದೀನಿ. ಒಂದೇ ಒಂದು ಮೊಟ್ಟೆ ಒಡೆದ್ರೂ ನಿಮ್ಮ ಶಾಲೆಗೆ ಈ ಗೇಟು ತೆರೆಯಲ್ಲ, ನೋಡಿ ಮತ್ತೆ." ನಾಳೆ ಐದನೇ ಕ್ಲಾಸಿನವರ ಸರದಿ. ಅವರು ಆಗಲೇ ರಟ್ಟು ಸುತ್ತಿ ದುರ್ಬೀನು ಮಾಡಿಕೊಂಡು ಕಾಯುತ್ತಿದ್ದರು.

"ಎಲ್ಲರೂ ಮೆಲ್ಲಗೆ ಬಗ್ಗಿ. ಕಾಲ ಸುತ್ತ ನೋಡಿ. ಮುಟ್ಟಬೇಡಿ, ಬರೀ ನೋಡಿ."

"ಸಾರ್, ಇಲ್ಲಿ! ಕಲ್ಲು ಅಂದ್ಕೊಂಡೆ, ಮೊಟ್ಟೆ!"

"ನನ್ನ ಹತ್ರಾನೂ ಇದೆ ಸಾರ್! ನಾಲ್ಕು!"

ಕೆಸರಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಒಂದು ಕಂಡ ಮೇಲೆ ಎಲ್ಲೆಲ್ಲೂ ಕಾಣತೊಡಗಿದವು. ತಲೆಯ ಮೇಲೆ ಹಕ್ಕಿಗಳು ಕಿರುಚುತ್ತಾ ಸುತ್ತುತ್ತಿದ್ದವು. ಬಿಸಿಲು ಏರುತ್ತಿತ್ತು. ತಾಯಿ ಬಂದು ನೆರಳಾಗದಿದ್ದರೆ ಮೊಟ್ಟೆ ಬೆಂದೇ ಹೋಗುತ್ತದೆ. ಮೇಷ್ಟ್ರು ಒಬ್ಬೊಬ್ಬರನ್ನೇ ಕರೆದು, ಹೆಜ್ಜೆ ಎಲ್ಲಿ ಇಡಬೇಕೆಂದು ಬೆರಳು ತೋರಿಸಿ, ಕಾಲುದಾರಿಗೆ ಹತ್ತಿಸಿದರು. ಹದಿನೆಂಟು ಜನ ದಾಟಿದರು. ಒಂದು ಮೊಟ್ಟೆಗೂ ಏನೂ ಆಗಿರಲಿಲ್ಲ. ಮೇಷ್ಟ್ರಿಗೆ ಅಳು ಬರುವಷ್ಟು ಸಂತೋಷವಾಯಿತು.

ಉಳಿದವಳು ರೇಡಿಯೋ. ಎದ್ದಾಗಿನಿಂದ ಮಲಗುವ ತನಕ ವಟಗುಟ್ಟುವ ಈ ಹುಡುಗಿಗೆ ಆ ಹೆಸರಿಟ್ಟವಳು ಅವಳ ಅಜ್ಜಿಯೇ. ಈಗ ಅವಳು ಪಿಸುಗುಟ್ಟಿದಳು. "ಸಾರ್, ನೀವು ಕಾಲೆತ್ತಬೇಡಿ."

ಮೇಷ್ಟ್ರು ಕೆಳಗೆ ನೋಡಿದರು. ಬಲಗಾಲಿನ ಶೂ ಪಕ್ಕದಲ್ಲಿ ಮೂರು ಮೊಟ್ಟೆಗಳಿದ್ದವು. ಹಿಮ್ಮಡಿಯನ್ನು ಒಂದಿಷ್ಟೇ ಎತ್ತಿದರು. ನಾಲ್ಕನೆಯದು ಅಲ್ಲಿತ್ತು. ಹಳದಿಯ ನಡುವೆ ಕೆಂಪನೆಯ ಎಳೆಯೊಂದು ಹರಡಿತ್ತು.

"ಮೇಷ್ಟ್ರೇ!" ಏರಿಯ ಮೇಲಿನಿಂದ ಕಾಯುವಾಕೆ ಕೂಗಿದಳು. "ದಾರಿ ಬಿಟ್ಟು ಯಾಕೆ ಇಳಿದ್ರಿ? ಏನಾದ್ರೂ ತುಳಿದ್ರಾ?"

"ಇಲ್ಲಮ್ಮ! ಏನೂ ಆಗಿಲ್ಲ!"

ಯೋಚಿಸುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು. ರೇಡಿಯೋ ಅವರ ಮುಖವನ್ನೇ ನೋಡಿದಳು. ಆಮೇಲೆ ಅವರು ತೋರಿಸಿದ ಕಡೆ ಹೆಜ್ಜೆಯಿಟ್ಟು ಹೋಗಿ ಸಾಲಿಗೆ ಸೇರಿಕೊಂಡಳು.

ಗೇಟಿನವರೆಗೆ ಅವಳು ಒಂದು ಮಾತೂ ಆಡಲಿಲ್ಲ. ಮೇಷ್ಟ್ರು ಐದನೇ ಕ್ಲಾಸಿನವರನ್ನು ನೆನೆದುಕೊಂಡು ನಡೆದರು. ಹಾಗೆ ಹೇಳಿದ್ದು ಅವರಿಗೋಸ್ಕರ ತಾನೆ, ತನಗೋಸ್ಕರವೇನಲ್ಲವಲ್ಲ. ಹೆಜ್ಜೆಗೊಮ್ಮೆ ಹಿಮ್ಮಡಿ ನೆಲಕ್ಕೆ ಅಂಟಿ ಬಿಡುತ್ತಿತ್ತು.

ಆಗಲೇ ಗೇಟಿಗೆ ಬಂದು ಮೇಜಿನ ಮುಂದೆ ಕುಳಿತಿದ್ದ ಕಾಯುವಾಕೆಗೆ ಯಾಕೋ ಸಮಾಧಾನವಾಗಿರಲಿಲ್ಲ. ಸಾಲಿನ ಕೊನೆಯಲ್ಲಿದ್ದ ರೇಡಿಯೋಳ ಗಲ್ಲ ಹಿಡಿದೆತ್ತಿದಳು. "ನೀನು ಹೇಳು ಪುಟ್ಟಿ. ಎಲ್ಲ ಸರಿಯಾಗಿತ್ತಾ?"

"ಏನೂ ಆಗಿಲ್ಲ" ಎಂದಳು ರೇಡಿಯೋ. ಕಣ್ಣು ಮಿಟುಕಿಸದೆ, ತಡವರಿಸದೆ, ಥೇಟ್ ಮೇಷ್ಟ್ರ ದನಿಯಲ್ಲೇ ಅಂದಳು.

ಮೇಷ್ಟ್ರು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಬಲಗಾಲಿನ ಶೂ ದಾರ ಬಿಚ್ಚಿದರು. ಗಂಟು ಬೇಗ ಬಿಡಲಿಲ್ಲ. ಬಿಚ್ಚಿದ ಶೂವನ್ನು ಕಾಯುವಾಕೆಯ ಮೇಜಿನ ಮೇಲೆ, ಅಟ್ಟೆಗಂಟಿದ ಹಳದಿ ಕಾಣುವಂತೆ ಬೋರಲಾಗಿ ಇಟ್ಟರು.

"ತುಳಿದವನು ನಾನು. ಈ ಮಗುವಿಗೆ ಸುಳ್ಳು ಕಲಿಸಿದವನೂ ನಾನೇ."

ಕಾಯುವಾಕೆ ಶೂವನ್ನು ನೋಡಿದಳು. ಬೈಯುತ್ತಾಳೆ ಎಂದು ಮಕ್ಕಳು ಕಾದರು. ಅವಳು ಬೀಗದ ಕೈ ತೆಗೆದುಕೊಂಡು ಎದ್ದು, ಎಲ್ಲರೂ ಹೊರಗೆ ಹೋಗುವ ತನಕ ನಿಂತು, ಗೇಟು ಮುಚ್ಚಿದಳು.

ರಸ್ತೆಯ ಡಾಂಬರು ಸುಡುತ್ತಿತ್ತು. ಮೇಷ್ಟ್ರು ಶೂ ಕೈಯಲ್ಲಿ ಹಿಡಿದು ಕುಂಟುತ್ತಾ ನಡೆದರು.

"ಮಿಕ್ಕ ಮೂರಕ್ಕೆ ಅಮ್ಮ ವಾಪಸ್ ಬರ್ತಾಳಾ ಸಾರ್?" ರೇಡಿಯೋ ಕೇಳಿದಳು.

"ಗೊತ್ತಿಲ್ಲಮ್ಮ."

ಅವರ ಮುಂದೆ ಹದಿನೆಂಟು ಮಕ್ಕಳು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗುತ್ತಿದ್ದರು. ಬರೀ ರಸ್ತೆ ಅದು. ಆದರೂ ಪ್ರತಿಯೊಬ್ಬರೂ ತಲೆ ಬಗ್ಗಿಸಿ, ನೆಲ ನೋಡಿ, ಆಮೇಲೆ ಕಾಲಿಡುತ್ತಿದ್ದರು.