ಶಾಮಿಯಾನದ ಕೆಳಗೊಂದು ಮೇಜು

"ಅಕ್ಕ, ಕಾರ್ಡ್ ಮೇಲೆತ್ತಿ ಹಿಡ್ಕೊಳಿ, ಕ್ಯಾಮೆರಾಗೆ ಕಾಣ್ಲಿ. ಕಣ್ಣಲ್ಲಿ ನೀರು ಬಂದ್ರೆ ಒರೆಸ್ಕೋಬೇಡಿ" ಎಂದು ಕಿವಿಯಲ್ಲಿ ಹೇಳಿ ಸೋಮನಾಥ್ ಜಯಶೀಲಾಳನ್ನು ವೇದಿಕೆಯ ಮುಂದಕ್ಕೆ ತಂದು ನಿಲ್ಲಿಸಿದ.

ಪುಟ್ಟೇನಹಳ್ಳಿಯ ಆ ಅಡ್ಡರಸ್ತೆಯಲ್ಲಿ ಭಾನುವಾರ ಬೆಳಿಗ್ಗೆಯೇ ಶಾಮಿಯಾನ ಎದ್ದಿತ್ತು. ಸುತ್ತಮುತ್ತಲ ನಲವತ್ತು ಮನೆಗಳ ಬಿಪಿಎಲ್ ಕಾರ್ಡುಗಳು ಒಂದೇ ಸಲ ರದ್ದಾಗಿದ್ದವು. ವಿರೋಧ ಪಕ್ಷದ ಸೋಮನಾಥ್ ಪ್ರತಿಭಟನೆಗೆ ಕೂತಿದ್ದರೆ, ಆಳುವ ಪಕ್ಷದ ಸಂಜೀವಯ್ಯ ಎದುರಿನ ಹೋಟೆಲಿನ ಜಗಲಿಯ ಮೇಲೆ ತನ್ನವರೊಂದಿಗೆ ನಿಂತು, "ಕಾರಿಟ್ಕೊಂಡೋರ್ಗೆಲ್ಲ ಯಾಕ್ರೀ ಅಕ್ಕಿ? ಎಲ್ಲಾ ಕಳ್ಳ ಕಾರ್ಡು!" ಎಂದು ಕೂಗುತ್ತಿದ್ದ.

ರದ್ದಾದವರ ಪಟ್ಟಿಯಲ್ಲಿ ಜಯಶೀಲಾಳ ಹೆಸರಿನ ಮುಂದೆಯೂ ಕಾರು ಎಂದೇ ಬರೆದಿತ್ತು. ಗಂಡ ಶಿವರಾಜ್ ಟ್ಯಾಕ್ಸಿ ಓಡಿಸುತ್ತಿದ್ದ. ಅವನು ತೀರಿಕೊಂಡು ಐದು ವರ್ಷ. ಕಾರನ್ನು ಫೈನಾನ್ಸಿನವರು ಅದಕ್ಕೂ ಮೊದಲೇ ಎಳೆದುಕೊಂಡು ಹೋಗಿದ್ದರು. ದಾಖಲೆಯಲ್ಲಿ ಮಾತ್ರ ಅದು ಇನ್ನೂ ಅವನದೇ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಅವಳು ಆಹಾರ ಇಲಾಖೆಯ ಕಚೇರಿಗೆ ಅಲೆಯಲು ಎರಡು ದಿನ ರಜೆ ಹಾಕಿದ್ದಳು. ಎರಡೂ ಸಲ "ಸರ್ವರ್ ಇಲ್ಲ, ನಾಳೆ ಬನ್ನಿ" ಅಂದಿದ್ದರು. ಇನ್ನೊಂದು ರಜೆ ಕೇಳಿದರೆ ಕೆಲಸವೇ ಹೋಗುತ್ತಿತ್ತು.

ಮೈಕ್ ಕೈಗೆ ಬಂತು. ಪಿಯುಸಿ ಓದುತ್ತಿದ್ದ ಮಗಳು ಮೇಘಶ್ರೀ ಎರಡನೇ ಸಾಲಿನಲ್ಲಿ ಮುಖ ಬಿಗಿಹಿಡಿದು ಕೂತಿದ್ದಳು. ಜಯಶೀಲಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ನಮ್ಮನೇಲಿ ಕಾರಿಲ್ಲ. ಬಂದ್ ನೋಡಿ, ನಿಲ್ಸೋಕೆ ಜಾಗಾನೂ ಇಲ್ಲ" ಎಂದಳು. ಜನ ನಕ್ಕರು. ಅವಳಿಗೆ ಸ್ವಲ್ಪ ಧೈರ್ಯ ಬಂತು. "ನಾನು ಅತ್ರೆ ಸೋಮನಾಥಣ್ಣ ಟೀವೀಲಿ ಬರ್ತಾರೆ, ನಂಗೆ ಅಕ್ಕಿ ಬರಲ್ಲ. ಸಂಜೀವಯ್ಯನೋರೇ, ಕಳ್ರು ಅಂದ್ರಲ್ಲ, ಯಾರು ಅಂತ ಚೆಕ್ ಮಾಡ್ಸಿ, ಬೇಡ ಅನ್ನಲ್ಲ. ಆದ್ರೆ ದಿನಾ ರಜಾ ಹಾಕಿ ಬರಕ್ಕಾಗಲ್ಲ ನಮ್ಗೆ. ಆಫೀಸೇ ಇಲ್ಲಿಗೆ ಬರ್ಲಿ. ಇವತ್ತೇ. ನೀವಿಬ್ರೂ ಫೋನ್ ಮಾಡಿ."

ಸೋಮನಾಥ್ ಮೈಕಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಹಿಂದೆ ಕೂತಿದ್ದ ಹೆಂಗಸರು "ಫೋನ್ ಮಾಡಿ, ಫೋನ್ ಮಾಡಿ" ಎಂದು ಹಟ ಹಿಡಿದರು. ಕ್ಯಾಮೆರಾ ಸಂಜೀವಯ್ಯನ ಕಡೆ ತಿರುಗಿತು. ಬೇರೆ ದಾರಿಯಿಲ್ಲದೆ ಅವನು ಜೇಬಿಗೆ ಕೈ ಹಾಕಿದ. ಅದನ್ನು ಕಂಡು ಸೋಮನಾಥನೂ ಹಾಕಿದ.

ಹನ್ನೆರಡರ ಹೊತ್ತಿಗೆ ಫುಡ್ ಇನ್‌ಸ್ಪೆಕ್ಟರ್ ಶಾಲಿನಿ ಸ್ಕೂಟರಿನಲ್ಲಿ ಬಂದರು. ಭಾನುವಾರ ಹಾಳಾದ ಬೇಸರ ಮುಖದಲ್ಲೇ ಇತ್ತು. ಹೋಟೆಲಿನವನು ಒಂದು ಮೇಜು ತಂದು ಶಾಮಿಯಾನದ ಕೆಳಗೆ ಹಾಕಿದ.

"ಅರ್ಜಿ ತಗೋತೀನಿ, ಮನೆಗೂ ಬಂದು ನೋಡ್ತೀನಿ. ಒಂದೆರಡು ತಿಂಗ್ಳು ಹಿಡಿಯುತ್ತೆ" ಎಂದರು.

"ಅಲ್ಲೀವರ್ಗೂ ಏನ್ ತಿನ್ನೋದು ಮೇಡಂ? ವಿಚಾರಣೆ ಮುಗಿಯೋವರ್ಗೂ ಅಕ್ಕಿ ನಿಲ್ಸಲ್ಲ ಅಂತ ಬರ್ಕೊಡಿ" ಎಂದಳು ಜಯಶೀಲಾ.

ಶಾಲಿನಿ ದೂರ ಹೋಗಿ ಮೇಲಿನವರೊಂದಿಗೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ಬಂದರು. "ಈ ತಿಂಗ್ಳು, ಮುಂದಿನ ತಿಂಗ್ಳು ಕೊಡಿಸ್ತೀನಿ. ಸೀಲ್ ಹಾಕ್ಕೊಡ್ತೀನಿ. ಅಷ್ಟರೊಳ್ಗೆ ನಿಮ್ದೆಲ್ಲ ನೋಡಿ ಮುಗಿಸ್ತೀನಿ, ಸರೀನಾ?"

ಜಯಶೀಲಾ ತಲೆಯಾಡಿಸಿದಳು. ಮೇಜಿನ ಮುಂದೆ ಸಾಲು ಬೆಳೆಯಿತು. ಬರೆಯಲು ಬಾರದವರೇ ಹೆಚ್ಚು. ಮೇಘಶ್ರೀ ಎದ್ದು ಬಂದು, ಅಮ್ಮನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಪೆನ್ನು ತೆಗೆದು, ಸಾಲಿನ ಮುಂದಿದ್ದ ಮುದುಕಿಗೆ "ಹೆಸ್ರು ಹೇಳಿ ಅಜ್ಜಿ" ಎಂದಳು.

ಬರೆದಾದ ಅರ್ಜಿಗೆ ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಮಸಿ ಆರಲೆಂದು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಊದತೊಡಗಿದಳು.