ಕದಲದೆ ಕುಳಿತವಳಿಗೆ ಮಿಠಾಯಿ

ಈ ಕತೆಯನ್ನು ಬಸ್ಸುನಿಲ್ದಾಣದ ಹಮಾಲರು ಒಂದು ಬಗೆಯಾಗಿ ಹೇಳುತ್ತಾರೆ, ಕಂಡಕ್ಟರುಗಳು ಇನ್ನೊಂದು ಬಗೆಯಾಗಿ. ಮಗುವಿನ ಅಂಗಿ ಹಳದಿಯೋ ಹಸಿರೋ ಎಂಬಲ್ಲಿ ಅವರಿಗೆ ಒಮ್ಮತವಿಲ್ಲ. ಮೈಕಣ್ಣನ ಬಾಯಿ ಕಟ್ಟಿದ್ದು ಮಾತ್ರ ಎಲ್ಲರ ಹೇಳಿಕೆಯಲ್ಲೂ ಒಂದೇ.

ಮೈಕಣ್ಣ ಎಂಬುದು ನಿಲ್ದಾಣದಲ್ಲಿ ಘೋಷಣೆ ಮಾಡುವವನಿಗೆ ಜನ ಇಟ್ಟ ಹೆಸರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ ಎಂಬುದನ್ನು ಗಾಜಿನ ಕೊಠಡಿಯಲ್ಲಿ ಕುಳಿತು ಅವನು ಹೇಳಬೇಕು. ಅವನು ಹೇಳದೆ ಬಸ್ಸು ಕದಲುವಂತಿಲ್ಲ. ಸಂಜೆಯ ಹೊತ್ತಿಗೆ ಗಂಟಲು ಬತ್ತಿಹೋಗುತ್ತಿದ್ದುದರಿಂದ ಮನೆಯಲ್ಲಿ ಅವನದು ಹೆಚ್ಚುಕಡಿಮೆ ಮೌನವ್ರತ. ಊಟಕ್ಕೆ ಮಕ್ಕಳನ್ನು ಕರೆಯುವುದಕ್ಕೂ ಚಮಚದಿಂದ ಸ್ಟೀಲ್ ಲೋಟ ಬಡಿಯುವನು. "ಊರಿಗೆಲ್ಲ ಮಾತು, ಮನೆಗೆ ಲೋಟ" ಎಂದು ಹೆಂಡತಿ ಹಂಗಿಸುವಳು.

ಶಾಲೆಗೆ ರಜೆ ಬಂದಿತ್ತು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂರುವ ಹೆಂಡತಿಗೆ ರಜೆಯಿಲ್ಲ. ಹೀಗಾಗಿ ಇಬ್ಬರು ಹೆಣ್ಣುಮಕ್ಕಳೂ ಹಗಲೆಲ್ಲ ಅಪ್ಪನ ಕುರ್ಚಿಯ ಹಿಂದೆ ಬಿದ್ದಿರುತ್ತಿದ್ದರು. ಹೊರಗೆ ಪೆಟ್ಟಿಗೆ ಹೊತ್ತ ಸಂಸಾರಗಳು ಅಜ್ಜಿಯ ಮನೆಗೋ ಸಮುದ್ರ ನೋಡಲಿಕ್ಕೋ ಹೊರಟಿರುತ್ತಿದ್ದವು. ಕಿರಿಯವಳನ್ನು ಅವಳ ಚುರುಕಿಗೆ ಎಲ್ಲರೂ ಮೆಣಸು ಎನ್ನುತ್ತಿದ್ದರು.

"ಎಲ್ಲರನ್ನೂ ಕಳಿಸ್ತೀಯಲ್ಲ ಅಪ್ಪ, ನಮ್ಮನ್ನ ಯಾವಾಗ ಕಳಿಸೋದು?" ಎಂದು ಅವಳು ಕೇಳುವಳು.

"ನಿನ್ನನ್ನ ಕಳಿಸಿದ್ರೆ ಆ ಊರಿನವರು ಮುಂದಿನ ಬಸ್ಸಿಗೇ ವಾಪಸ್ ಹತ್ತಿಸ್ತಾರೆ ಕಣೆ" ಎನ್ನುವಳು ಅಕ್ಕ.

ಮೊದಮೊದಲು ಒಂದು ಪೇಚಿತ್ತು. ಹೊರಗಿನ ಬೆಂಚಿನ ಮೇಲೆ ಆಡಲು ಬಿಟ್ಟರೆ, ಮೈಕಿನಲ್ಲಿ ಅಪ್ಪನ ದನಿ ಕೇಳಿದಾಗಲೆಲ್ಲ ಮಕ್ಕಳು ಒಳಗೆ ಓಡಿಬರುವರು. ಮೈಕಿನ ಮಾತು ಪ್ರಯಾಣಿಕರಿಗೆ, ನಿಮಗಲ್ಲ ಎಂದು ಗದರಿದರೂ ತಲೆಗೆ ಹೋಗಲಿಲ್ಲ. ಕೊನೆಗೆ ಅವನು ಅದನ್ನೇ ಆಟವಾಗಿಸಿದ. ಬಿಡುವಾದಾಗ ಮೈಕಿನಿಂದ ಅವರನ್ನು ಹೆಸರು ಹಿಡಿದು ಕರೆಯುವನು; ಕದಲದೆ ಕುಳಿತವಳಿಗೆ ಮಿಠಾಯಿ. ಅಕ್ಕ ಕಲ್ಲಿನಂತೆ ಕೂರುವಳು. ಮೆಣಸು ಪ್ರತಿ ಸಲವೂ ಓಡಿಬಂದು ಸೋತು, ಮಿಠಾಯಿ ಚೀಪುವ ಅಕ್ಕನ ಬಾಯಿ ನೋಡುತ್ತ ನಿಲ್ಲುವಳು.

ನೂಕುನುಗ್ಗಲು ಹೆಚ್ಚಿದ್ದ ಒಂದು ಮಧ್ಯಾಹ್ನ ಅಕ್ಕ ಒಬ್ಬಳೇ ಬಾಗಿಲಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಅಪ್ಪ, ಅವಳಿಲ್ಲ."

"ಇಲ್ಲ ಅಂದ್ರೆ?"

"ನೀರು ಕುಡಿಯೋಕೆ ಅಂತ ಕೈ ಬಿಟ್ಟೆ. ತಿರುಗಿ ನೋಡಿದ್ರೆ ಇಲ್ಲ."

ಅವನು ಆಗತಾನೆ ಒಂದು ಬಸ್ಸಿಗೆ ಹೊರಡಲು ಹೇಳಿದ್ದ. ಅದು ಗೇಟು ದಾಟುವುದು ಗಾಜಿನಾಚೆ ಕಾಣುತ್ತಿತ್ತು. ತನ್ನ ಬಾಯಿಂದಲೇ ಮಗಳನ್ನು ಕಳಿಸಿಕೊಟ್ಟೆನೇ ಎಂದುಕೊಳ್ಳುತ್ತ ಅವನು ಮೈಕನ್ನು ಎಳೆದುಕೊಂಡ.

"ಹಳದಿ ಅಂಗಿ ತೊಟ್ಟ ಪುಟ್ಟ ಬಾಲಕಿಯೊಬ್ಬಳು ಕಾಣೆಯಾಗಿದ್ದು, ಕಂಡವರು ಘೋಷಣಾ ಕೊಠಡಿಗೆ ಕರೆತರಬೇಕಾಗಿ ವಿನಂತಿ" ಎಂದು ವಾಡಿಕೆಯ ಮಾತಿನಲ್ಲೇ ಆರಂಭಿಸಿದ. ಯಾರೂ ಬರಲಿಲ್ಲ. ವಾಡಿಕೆ ಅಲ್ಲಿಗೇ ಮುರಿಯಿತು. "ಮೆಣಸೂ, ಅಪ್ಪ ಕರೀತಿದೀನಿ. ಎಲ್ಲಿದ್ರೂ ಬಾರಮ್ಮ. ಬಾ ನನ್ನ ತಾಯಿ." ಹಮಾಲರು ನೀರಿನ ನಲ್ಲಿ, ಶೌಚಾಲಯ, ಅಂಗಡಿಗಳ ಹಿಂಬದಿ ಎಲ್ಲವನ್ನೂ ಜಾಲಾಡಿದರು. ಬಸ್ಸುಗಳೊಳಗೆ ಹೊಕ್ಕು ನೋಡಲು ಸಾಧ್ಯವಿರಲಿಲ್ಲ. ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ.

ಮೈಕಣ್ಣ ಬಸ್ಸುಗಳನ್ನು ಕಳಿಸುವುದನ್ನು ನಿಲ್ಲಿಸಿದ. ಇಂಜಿನುಗಳು ಗುರುಗುಟ್ಟಿದವು, ಜನ ಗಾಜು ಬಡಿದರು. ನಿಲ್ದಾಣದ ಮೇಲಧಿಕಾರಿ ಬೆವರೊರೆಸುತ್ತ ಒಳಬಂದರು.

"ಮಾರಾಯ, ಬಸ್ಸೆಲ್ಲ ಸಾಲುಗಟ್ಟಿ ನಿಂತಿವೆ. ಹೇಳು."

"ಯಾವುದರಲ್ಲಿ ಕೂತಿದಾಳೋ ಗೊತ್ತಿಲ್ಲ ಸಾರ್. ಯಾವುದಕ್ಕೆ ಹೊರಡು ಅನ್ಲಿ?"

"ನೀನು ಹೇಳದಿದ್ರೆ ನಾನೇ ಹೇಳಬೇಕಾಗುತ್ತೆ. ಜನ ನನ್ನ ತಲೆ ಒಡೀತಾರೆ."

ಅವರು ಮೈಕಿಗೆ ಕೈ ಚಾಚಿದರು. ಮೈಕಣ್ಣ ಅದನ್ನು ಎದೆಗವಚಿಕೊಂಡು, ಒಡೆದ ದನಿಯಲ್ಲಿ ಮತ್ತೆ ಮಗಳನ್ನು ಕರೆದ. ಆಗ ಅಕ್ಕ ಅವನ ತೋಳು ಹಿಡಿದಳು.

"ಕರೀಬೇಡ ಅಪ್ಪ. ನೀನು ಕರೆದಷ್ಟೂ ಅವಳು ಬರಲ್ಲ."

"ಏನು ಹಾಗಂದ್ರೆ?"

"ಬೆಳಿಗ್ಗೆನೇ ಹೇಳಿದ್ಲು. ಏನಾದ್ರೂ ಆಗ್ಲಿ, ಇವತ್ತು ಮಿಠಾಯಿ ನಂದೇ ಅಂತ."

ಅವನು ಮೈಕನ್ನು ಮತ್ತೆ ಅದರ ಜಾಗದಲ್ಲಿಟ್ಟ. ಮೇಜಿನ ಮೇಲೆ ಅವನು ನೀರು ಕುಡಿಯುವ ಲೋಟವಿತ್ತು. ನೀರನ್ನು ನೆಲಕ್ಕೆ ಚೆಲ್ಲಿ, ಲೋಟವನ್ನು ಮೈಕಿನ ಮುಂದೆ ಹಿಡಿದು, ಬೀಗದ ಕೈಯಿಂದ ಬಡಿಯತೊಡಗಿದ. ಟಣ್, ಟಣ್, ಟಣ್. ಬೈಯುತ್ತಿದ್ದ ಜನ ಇದೇನೆಂದು ಸುಮ್ಮನಾದರು. ಅವನು ಬಡಿಯುತ್ತಲೇ ಇದ್ದ, ಏನೂ ಆಗಲಿಲ್ಲ. ಗೇಟು ದಾಟಿಹೋದ ಬಸ್ಸು ಮತ್ತೆ ಕಣ್ಣಿಗೆ ಕಟ್ಟಿತು. ಕೈ ಸೋತಿತು, ಆದರೂ ಬಡಿದ.

ಸಾಲಿನ ತುದಿಯ ಬಸ್ಸೊಂದರ ಕಿಟಕಿಯಿಂದ ಹಳದಿ ಅಂಗಿಯೊಂದು ಹೊರಬಂತು. ಕೈಯಿಂದ ಕೈಗೆ ದಾಟುತ್ತ, ತಲೆಗಳ ಮೇಲೆ ತೇಲುತ್ತ, ಅದು ಗಾಜಿನ ಕೊಠಡಿಗೆ ಬಂದು ಇಳಿಯಿತು.

"ಊಟಾನಾ?" ಎಂದಳು ಮೆಣಸು. ಬಳಿಕ ಎದೆಯುಬ್ಬಿಸಿ ಅಂಗೈ ಚಾಚಿದಳು. "ನೀನು ಎಷ್ಟು ಕರೆದ್ರೂ ನಾನು ಸೀಟಿನ ಕೆಳಗಿಂದ ಕದಲಲೇ ಇಲ್ಲ. ಅಳೋ ಥರ ಮಾಡಿದೆ ನೋಡು, ಆಗ್ಲೂ ಕದಲಲಿಲ್ಲ. ಕೊಡು."

ಅವನ ಜೇಬಿನಲ್ಲಿ ಮಿಠಾಯಿ ಇರಲಿಲ್ಲ.

ಮೇಲಧಿಕಾರಿ ಮೆಲ್ಲಗೆ ಮೈಕಿನತ್ತ ಬೆರಳು ತೋರಿಸಿದರು. ಆ ತುದಿಯ ಬಸ್ಸನ್ನು ಕಳಿಸಲೆಂದು ಮೈಕಣ್ಣ ಬಾಯಿ ತೆರೆದ, ದನಿ ಹೊರಡಲಿಲ್ಲ. ಕೊನೆಗೆ ಅವರೇ ತೊದಲುತ್ತ ಒಂದೊಂದಾಗಿ ಬಸ್ಸುಗಳನ್ನು ಕಳಿಸಿದರು. ಅವನು ಒದ್ದೆ ನೆಲದ ಮೇಲೆ ಕುಳಿತು ಮಗಳ ಮಣಿಕಟ್ಟು ಹಿಡಿದುಕೊಂಡಿದ್ದ.

"ಬಿಡಪ್ಪ, ನೋಯ್ತಿದೆ" ಎಂದಳು ಅವಳು.

ಅವನು ಬಿಡಲಿಲ್ಲ.