ಮೆಣಸಿನ ಸಸಿಗಳ ಆಳ

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ಗೋಂದಪ್ಪನ ಎರಡು ಕೈಗಳೂ ಮಣ್ಣಾಗಿದ್ದವು. ಹಿತ್ತಿಲಲ್ಲಿ ಮಂಡಿಯೂರಿ ಕೊನೆಯ ಮೆಣಸಿನ ಸಸಿಯ ಬುಡಕ್ಕೆ ಮಣ್ಣು ಒತ್ತುತ್ತಿದ್ದ. ಕಿಟಕಿಯಲ್ಲಿಟ್ಟಿದ್ದ ಫೋನು ಹೊಡೆದುಕೊಂಡಿತು.

"ಮಾವಾ, ಅಮ್ಮ ಹೋಗ್ಬಿಟ್ಲು," ಎಂದಳು ಅಕ್ಕನ ಮಗಳು.

ಬಸ್ಸಿನ ಕಂಡಕ್ಟರ್ ಅವಳು. ಹಗಲೆಲ್ಲ ಕೂಗಿ ಕೂಗಿ ದಪ್ಪಗಾದ ಆ ದನಿ ಅಷ್ಟು ಸಣ್ಣಗಾಗಬಲ್ಲದೆಂದು ಅವನಿಗೆ ಗೊತ್ತಿರಲಿಲ್ಲ. "ಸಂಜೆ ಬರ್ತೀನಿ ಅಂದಿದ್ಲಲ್ಲೇ," ಎಂದ. ಆಚೆ ಕಡೆ ಫೋನು ಇಟ್ಟಾಗಿತ್ತು.

ಗೋಂದಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿ, ಬೆರಳ ಸಂದಿಯಲ್ಲಿ ಸದಾ ಗೋಂದು ಒಣಗಿರುತ್ತಿದ್ದುದರಿಂದ ಅಕ್ಕ ಕರೆದ ಹೆಸರು. "ನಮ್ಮ ಗೋಂದಪ್ಪ ಕೊಟ್ಟ ಲೋಟ ಹುಷಾರಾಗಿ ಹಿಡೀರಿ, ಆಮೇಲೆ ಕೈ ಬಿಡಲ್ಲ," ಎಂದು ಬಂದವರಿಗೆಲ್ಲ ಹೇಳಿ ನಗುವಳು. ಅವನಿಗೆ ಮದುವೆ ಕೂಡಿಬರಲಿಲ್ಲ. ಅವಳಿಗೆ ಗಂಡ ಉಳಿಯಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಅಂಗೈಯಗಲದ ಹಿತ್ತಿಲು. ಇಪ್ಪತ್ತು ವರ್ಷ ಇಬ್ಬರೂ ಅದರಲ್ಲೇ ಬಾಳಿದ್ದರು. ಹಿತ್ತಿಲು ಮಾತ್ರ ಪೂರ್ತಿ ಅವಳದು. ಅವನು ಅಲ್ಲಿಗೆ ಹೋಗುತ್ತಿದ್ದುದು ಬೈಸಿಕೊಳ್ಳುವುದಕ್ಕೆ.

ಆ ದಿನ ಬೆಳಿಗ್ಗೆ ಅವಳು ಎದೆ ಹಿಡಿದುಕೊಂಡು ಹೊಸ್ತಿಲಲ್ಲೇ ಕುಸಿದಿದ್ದಳು. ಆಂಬುಲೆನ್ಸ್ ಬಂತು. ಗೋಂದಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಸ್ಟ್ರೆಚರ್ ಮೇಲಿಂದಲೇ ಗದರಿದಳು.

"ನೀನೆಲ್ಲಿಗೆ? ಅಲ್ಲಿ ಗೋಡೆ ನೋಡ್ಕೊಂಡು ಕೂರೋಕಾ? ಮಗಳು ಡ್ಯೂಟಿಯಿಂದ ನೇರ ಅಲ್ಲಿಗೇ ಬರ್ತಾಳೆ. ಎಂಟು ದಿನದಿಂದ ಸಸಿಗೆ ಬಿಸಿಲು ರೂಢಿ ಮಾಡಿಸಿದೀನಿ, ಬೇರು ಟ್ರೇ ತುಂಬಿದೆ. ಇವತ್ತೇ ನೆಡು, ಬಿಸಿಲು ಇಳಿದ್ಮೇಲೆ. ಟೊಮೆಟೊ ಕತ್ತಿನವರೆಗೂ ಹೂಳು, ಹೆದರಬೇಡ, ಕಾಂಡದಿಂದ್ಲೂ ಬೇರು ಬರತ್ತೆ. ಮೆಣಸು..." ಕೆಮ್ಮು ತಡೆಯಿತು. "ಸಂಜೆ ಬಂದು ನೋಡ್ತೀನಿ."

ಬಾಗಿಲು ಮುಚ್ಚಿತು. ಅರವತ್ತೆರಡು ವರ್ಷಗಳಲ್ಲಿ ಗೋಂದಪ್ಪ ಅಕ್ಕ ಹಾಕಿದ ಗೆರೆ ದಾಟಿದವನಲ್ಲ. ಅಂದೂ ದಾಟಲಿಲ್ಲ. ಮೆಣಸಿನ ಮಾತು ಅರ್ಧಕ್ಕೆ ನಿಂತದ್ದು ಅವನಿಗೆ ದೊಡ್ಡದಾಗಿಯೂ ಕಾಣಲಿಲ್ಲ. ಒಟ್ಟಿಗೆ ಬೆಳೆದ ಸಸಿಗಳು, ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೂ ಆದೀತು ಎಂದುಕೊಂಡು ಹನ್ನೆರಡು ಟೊಮೆಟೊ, ಹನ್ನೆರಡು ದೊಣ್ಣೆ ಮೆಣಸು, ಎಲ್ಲವನ್ನೂ ಕತ್ತಿನವರೆಗೆ ಹೂಳಿದ.

ಅಂತ್ಯಕ್ರಿಯೆ ಮುಗಿದು ಜನ ಚದುರಿದ ಮೇಲೆ ಅಕ್ಕನ ಮಗಳು ಅವನೆದುರು ನಿಂತಳು. "ಅಮ್ಮನ ಕಣ್ಣು ಬಾಗಿಲ ಕಡೆನೇ ಇತ್ತು. ನಿನಗೆ ಗಿಡ ನೆಡೋಕೆ ಪುರುಸೊತ್ತಿತ್ತು, ಅಲ್ವಾ ಮಾವಾ?"

ಬರಬೇಡ ಅಂದವಳು ನಿಮ್ಮಮ್ಮನೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಇನ್ನು ಎದ್ದು ಬಂದು ಹೌದು ಅನ್ನಲಾರದ ಅಕ್ಕನ ತಲೆಗೆ ಹೊರೆ ಕಟ್ಟಿ ತಾನು ಹಗುರಾಗುವುದು ಅವನಿಂದಾಗಲಿಲ್ಲ. ಅಕ್ಕನ ಮಗಳು ಮುಖ ತಿರುಗಿಸಿಕೊಂಡು ಹೋದಳು. ಆಮೇಲೆ ಫೋನು ಮಾಡಿದರೂ ಎತ್ತಲಿಲ್ಲ.

ಮನೆಯಲ್ಲಿ ಉಳಿದದ್ದು ಅವನು ಮತ್ತು ಸಸಿಗಳು. ಇವಕ್ಕಾಗಿಯೇ ಅಲ್ಲವೆ ಅಕ್ಕನ ತಲೆದೆಸೆಯಲ್ಲಿ ನಿಲ್ಲದೆ ಹೋದದ್ದು? ಇವೂ ಕೈಬಿಟ್ಟರೆ ಆ ದಿನಕ್ಕೆ ಅರ್ಥವೇ ಇಲ್ಲವಾಗುತ್ತಿತ್ತು. ಗೋಂದಪ್ಪ ಕಪಾಟಿನಿಂದ ಹಳೆಯ ರಟ್ಟುಗಳನ್ನು ತೆಗೆದ. ಪಡುವಣ ಬಿಸಿಲು ಹೊಡೆಯದಂತೆ ಒಂದೊಂದು ಸಸಿಗೂ ಒಂದೊಂದು ರಟ್ಟು ನಿಲ್ಲಿಸಿದ. ಬೆಳಿಗ್ಗೆ ಎಲೆ ನೆನೆಯದಂತೆ ಬುಡಕ್ಕೆ ನೀರು ಬಿಟ್ಟ. ನಾಲ್ಕನೆಯ ದಿನ ಟೊಮೆಟೊ ತಲೆಯೆತ್ತಿದವು. ಮೆಣಸು ಎತ್ತಲಿಲ್ಲ. ಎಲೆಗಳು ಹಳದಿಗೆ ತಿರುಗಿದವು. ನೀರು ಸಾಲದೇನೋ ಎಂದು ಸಂಜೆಯೂ ಹಾಕತೊಡಗಿದ. "ನಿಮ್ಮ ಕೋಪಾನೂ ನನ್ನ ಮೇಲೇನಾ?" ಎಂದು ಅವನ್ನೇ ಕೇಳಿದ. ಮರುದಿನ ಎರಡು ಸಸಿ ಮಗುಚಿ ಬಿದ್ದಿದ್ದವು.

ಒಂಬತ್ತನೆಯ ದಿನ ಅಕ್ಕನ ಮಗಳು ತಾಯಿಯ ಬಟ್ಟೆಬರೆ ಒಯ್ಯಲು ಬಂದಳು. ಮಾತಿಲ್ಲ, ಕತೆಯಿಲ್ಲ, ಗಂಟು ಕಟ್ಟಿದಳು. ಕೈ ತೊಳೆಯಲೆಂದು ಹಿತ್ತಿಲಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

"ಅಯ್ಯೋ, ಇದೇನ್ ಮಾಡಿದೀಯ? ಮೆಣಸನ್ನ ಯಾರಾದ್ರೂ ಇಷ್ಟು ಆಳಕ್ಕೆ ಹೂಳ್ತಾರಾ? ಟ್ರೇಲಿ ಎಷ್ಟಿತ್ತೋ ಅಷ್ಟೇ ಮಣ್ಣು. ಕಾಂಡ ಕೊಳೀತಾ ಇದೆ ನೋಡು!"

"ನಿಮ್ಮಮ್ಮನೇ ಹೇಳಿದ್ದು ಕಣೇ! ಹೋಗ್ತಾ ಹೋಗ್ತಾ, ನೀನು ಬರಬೇಡ, ಇವತ್ತೇ ನೆಡು, ಕತ್ತಿನವರೆಗೂ ಹೂಳು ಅಂದ್ಲು..." ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡ.

ಅವಳು ನಿಧಾನವಾಗಿ ತಿರುಗಿದಳು. "ಬರಬೇಡ ಅಂದ್ಲಾ? ಅಮ್ಮನೇ?"

ಗೋಂದಪ್ಪ ಬಗ್ಗಿ, ಮಗುಚಿ ಬಿದ್ದ ಸಸಿಯೊಂದನ್ನು ಎತ್ತಿ ನಿಲ್ಲಿಸಿದ.

"ಅವತ್ತೇ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿ ಏನಾಗ್ಬೇಕಿತ್ತು? ಅವಳು ಹೋಗಿದ್ಲು."

ಅವಳು ಕಲ್ಲಿನ ಮೆಟ್ಟಿಲ ಮೇಲೆ ಕುಸಿದು ಕೂತಳು. "ಮಾವಾ, ಆಸ್ಪತ್ರೆಲಿ ಅಮ್ಮ ಎರಡು ಸಲ ಅಂದ್ಲು. 'ಗೋಂದಪ್ಪಂಗೆ ಫೋನ್ ಮಾಡು, ಮೆಣಸು ಆಳಕ್ಕೆ ಬೇಡ ಅನ್ನು' ಅಂತ. ಇಂಥ ಹೊತ್ತಲ್ಲಿ ಎಂಥ ಮೆಣಸು, ಸುಮ್ನಿರಮ್ಮಾ ಅಂತ ಬೈದೆ. ನಾನು ಅವಳಿಗೆ ಆಡಿದ ಕೊನೇ ಮಾತು ಅದೇ." ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಆ ಸಿಟ್ಟನ್ನೆಲ್ಲ ನಿನ್ನ ಮೇಲೆ ಹಾಕ್ದೆ."

ಗೋಂದಪ್ಪ ಅವಳ ತಲೆ ಮೇಲೆ ಕೈಯಿಟ್ಟು ನಿಂತ. ಅವಳೇ ಕಣ್ಣೊರೆಸಿಕೊಂಡು ಎದ್ದಳು. "ಕರಣೆ ತಗೊಂಡು ಬಾ. ಬದುಕೋದು ಬದುಕಲಿ."

ಬಿಸಿಲು ಇಳಿದಿತ್ತು. ಬೇರಿನ ಮುದ್ದೆ ಒಡೆಯದಂತೆ ಅಡಿಯಿಂದ ಕೈ ಹಾಕಿ ಅವಳು ಒಂದೊಂದನ್ನೇ ಮೇಲೆತ್ತಿದಳು; ಅವನು ಕೆಳಗೆ ಮಣ್ಣು ತುಂಬಿದ. ಏಳು ಸಸಿಗಳ ಕಾಂಡ ಕಪ್ಪಗೆ ಲೋಳೆಯಾಗಿ ಕೈಗೇ ಕಿತ್ತುಬಂತು. ಐದು ಗಟ್ಟಿಯಾಗಿದ್ದವು.

"ಉಳಿತಾವಾ?"

"ಗೊತ್ತಿಲ್ಲ ಮಾವಾ. ಎರಡು ದಿನ ನೀರು ಹಾಕ್ಬೇಡ. ನಿನ್ನ ಉಪಚಾರ ಜಾಸ್ತಿ ಆಗಿದೆ ಅವಕ್ಕೆ."

"ನನ್ನ ನಂಬಬೇಡ. ನೀನೇ ಬಂದು ನೋಡ್ಕೋ."

"ಬರ್ತೀನಿ. ನಾಳೆ ಮಧ್ಯಾಹ್ನದ ಶಿಫ್ಟು, ಬೆಳಿಗ್ಗೇನೇ ಬರ್ತೀನಿ," ಎಂದಳು. ಎಂದವಳೇ ಮಣ್ಣುಗೈಯಲ್ಲಿ ಅವನ ತೋಳು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಹೋದ ದಿನ ಅವಳು ಹೀಗೆ ಅತ್ತಿರಲಿಲ್ಲ.

ಅವಳ ಅಳು ಇಳಿದ ಮೇಲೆ ಗೋಂದಪ್ಪ ಕಣ್ಣು ಮುಚ್ಚಿದ. ಅವಳಿಗೂ ಕೇಳಿಸುವಂತೆ ಮೆಲ್ಲಗೆ ಹೇಳಿದ:

"ದೇವರೇ, ಅವಳು ನಮ್ಮನ್ನು ಕಾಯುತ್ತಲೇ ದಣಿದಳು. ನಾವಿಬ್ಬರೂ ಅವಳ ಮಾತು ಪೂರ್ತಿ ಕೇಳಿಸಿಕೊಳ್ಳಲಿಲ್ಲ, ನಮ್ಮನ್ನು ಕ್ಷಮಿಸು. ಆ ಸಂಕಟ ಅವಳನ್ನು ಅಲ್ಲಿಯೂ ಹಿಂಬಾಲಿಸದಿರಲಿ. ಇನ್ನು ಯಾವ ಚಿಂತೆಯೂ ಇಲ್ಲದೆ ಅವಳು ನಿನ್ನ ಬಳಿ ಸುಖವಾಗಿ ಮಲಗಲಿ. ಅವಳ ಆತ್ಮಕ್ಕೆ ಶಾಂತಿ ಕೊಡು."